ಆರ್ಡರಿನಲ್ಲಿ ಹೆಸರಿಲ್ಲದವರು

ಕೋರ್ಟಿನ ಬಾಗಿಲಲ್ಲಿ ಬ್ಯಾಗ್ ನೋಡುತ್ತಿದ್ದ ಗಾರ್ಡ್ ದೊಡ್ಡಮ್ಮನ ಪರ್ಸಿನಿಂದ ಒಂದು ನೇಲ್ ಕಟರ್ ಎತ್ತಿ ಹಿಡಿದ. ಮಕ್ಕಳದು, ಬೆರಳಷ್ಟುದ್ದ. ಹಿಡಿಯ ಮೇಲಿದ್ದ ಬಾತುಕೋಳಿಯ ಚಿತ್ರ ಅರ್ಧ ಅಳಿಸಿತ್ತು. "ಇದನ್ನ ಒಳಗೆ ಬಿಡೋಲ್ಲಮ್ಮ" ಅಂದ. "ಅದು ನನ್ನದಲ್ಲಪ್ಪ, ಮಗೂದು" ಅಂದಳು ದೊಡ್ಡಮ್ಮ. "ಯಾರದಾದ್ರೂ ಅಷ್ಟೇ." ನೇಲ್ ಕಟರ್ ಟ್ರೇಗೆ ಬಿತ್ತು. ಬದಲಿಗೆ 41 ಅಂತ ಬರೆದ ಪ್ಲಾಸ್ಟಿಕ್ ಟೋಕನ್ ಒಂದು ಕೈಗೆ ಬಂತು.

ಒಳಗೆ ಇನ್ನೊಂದು ಬಾಗಿಲಿತ್ತು. ಬೇರೆಯಾದ ಅಪ್ಪ-ಅಮ್ಮಂದಿರು ಮಕ್ಕಳನ್ನು ಭೇಟಿ ಮಾಡುವ ಕೋಣೆ. ಗೋಡೆ ತುಂಬ ಜಿರಾಫೆ, ನೆಲಕ್ಕೆ ಬಣ್ಣದ ಮ್ಯಾಟ್, ಮೂಲೆಯಲ್ಲಿ ಒಂದು ಚಕ್ರ ಕಳೆದುಕೊಂಡ ಆಟಿಕೆ ಲಾರಿ. ಅಲ್ಲಿ ಕೂತಿದ್ದವರು ಆರ್ಡರ್ ಕಾಪಿಯನ್ನು ಬೆರಳಿಟ್ಟು ಓದಿದರು. "ತಂದೆ ಅಂತ ಮಾತ್ರ ಇದೆ. ನೀವು ಯಾರು?" "ಅಜ್ಜಿ." "ಅಜ್ಜಿ ಅಂತ ಇಲ್ವಲ್ಲಮ್ಮ." ಒರಟಾಗಿ ಹೇಳಲಿಲ್ಲ. ದಿನಕ್ಕೆ ನಾಲ್ಕಾರು ಸಲ ಇದೇ ಮಾತು ಹೇಳಿ ಸುಸ್ತಾದವರ ಹಾಗೆ ಹೇಳಿದರು. ಅಣ್ಣ ಒಳಗೆ ಹೋದ. ನಾನು, ದೊಡ್ಡಮ್ಮ ಹೊರಗಿನ ಬೆಂಚಿನ ಮೇಲೆ ಕೂತೆವು. ಎರಡು ಗಂಟೆ.

ಬಾಗಿಲ ಪಕ್ಕ ಮಗುವಿನ ಚಪ್ಪಲಿ ಬಿಟ್ಟಿದ್ದರು. ಹತ್ತು ನಿಮಿಷ ಸುಮ್ನೆ ಕೂತಿದ್ದ ದೊಡ್ಡಮ್ಮ ಎದ್ದು ಹೋಗಿ ಒಂದು ಚಪ್ಪಲಿ ಎತ್ತಿ ತಿರುಗಿಸಿ ಅದರ ತಳ ನೋಡಿದಳು. ಆಮೇಲೆ ಇನ್ನೊಂದನ್ನು ನೋಡಿದಳು. ಎರಡನ್ನೂ ಮೊದಲಿದ್ದಂತೆಯೇ ಜೋಡಿಸಿಟ್ಟು ಬಂದು ಕೂತಳು. "ಇನ್ನೂ ಬಲಗಾಲು ಎಳೆದೇ ನಡೀತಾಳೆ. ಒಂದೇ ಕಡೆ ಸವೆದಿದೆ ನೋಡು" ಅಂದಳು. ನಾನು ಹೂಂ ಅಂದೆ. ಅದಕ್ಕಿಂತ ಬೇರೆ ಏನು ಹೇಳಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ.

ಇದಾಗಿ ಎರಡು ವರ್ಷ. ಆ ಕೇಸಿನಲ್ಲಿ ಎರಡೇ ಹೆಸರುಗಳಿದ್ದವು. ಅರ್ಜಿದಾರ, ಎದುರುದಾರರು. ಮಗು ಹುಟ್ಟಿದಾಗಿನಿಂದ ನಾಲ್ಕೂವರೆ ವರ್ಷ, ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಅದನ್ನು ನೋಡಿಕೊಂಡವಳ ಹೆಸರು ಎಲ್ಲೂ ಇರಲಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರು, ಇನ್ನೇನು ಮಾಡ್ತಾರೆ. ಆಗ ಯಾರೂ ದೊಡ್ಡಮ್ಮನನ್ನು "ನೀವು ಯಾರು" ಅಂತ ಕೇಳಿರಲಿಲ್ಲ. ಆ ಪ್ರಶ್ನೆ ತಪ್ಪು ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಅದಕ್ಕೇ ಈ ಬರಹ.

(ಒಂದು ಮಾತು. ಇಲ್ಲಿ 'ಅಣ್ಣ' ಅಂದರೆ ದೊಡ್ಡಮ್ಮನ ಮಗ. 'ಅತ್ತಿಗೆ' ಅಂದರೆ ಅವನ ಹೆಂಡತಿಯಾಗಿದ್ದವಳು. ಡಿವೋರ್ಸ್ ಆಗಿಹೋಗಿದೆ, ಆದರೂ ಅವಳನ್ನು ಕರೆಯೋಕೆ ನನ್ನ ಹತ್ತಿರ ಬೇರೆ ಶಬ್ದ ಇಲ್ಲ. 'ಮಾಜಿ ಅತ್ತಿಗೆ' ಅಂದರೆ ಮಾಜಿ ಮಂತ್ರಿ ಅಂದ ಹಾಗಾಗುತ್ತೆ. ಕೋರ್ಟಿಗೆ ಸಂಬಂಧ ಮುಗಿಸೋದು ಗೊತ್ತು, ಭಾಷೆಗೆ ಅಷ್ಟು ಸಲೀಸಲ್ಲ.)

ಮೂರು ಪುಟ ದೂರು, ಅರ್ಧ ಸಾಲು ಮಗು

ಬೆಂಚಿನ ಮೇಲೆ ಕೂತ ಆ ದಿನವೇ ದೊಡ್ಡಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು. "ನನ್ನ ಹೆಸರಲ್ಲೇ ಒಂದು ಅರ್ಜಿ ಹಾಕ್ತೀನಿ. ನನಗೂ ಹಕ್ಕಿದೆ ಅಲ್ವಾ?" ವಕೀಲರು ಬೇಡ ಅನ್ನಲಿಲ್ಲ. "ಏನೇನು ನಡೀತು ಎಲ್ಲಾ ಬರ್ಕೊಂಡು ಬನ್ನಿ, ಅಫಿಡವಿಟ್ ಮಾಡೋಣ" ಅಂದರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ನಾನೊಬ್ಬಳೇ ಬರೆಯೋಳು, ಹಾಗಾಗಿ.

ಮೂರು ಸಂಜೆ ಕೂತೆವು. ದೊಡ್ಡಮ್ಮ ಹೇಳುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ಮದುವೆಯಾದ ಮೊದಲ ತಿಂಗಳಿನಿಂದ ಶುರು. ಅತ್ತಿಗೆ ಯಾವತ್ತು ಎದುರು ಮಾತಾಡಿದಳು, ಯಾವತ್ತು ಹೇಳದೆ ತವರಿಗೆ ಹೋದಳು, ಮಗು ಜ್ವರದಲ್ಲಿದ್ದಾಗ ಯಾವತ್ತು ಆಫೀಸಿನಿಂದ ತಡವಾಗಿ ಬಂದಳು. ತಾರೀಖುಗಳು ಸಮೇತ ನೆನಪಿದ್ದವು. ನಾನು ಬರೆದುಕೊಂಡೆ ಅಷ್ಟೇ ಅಲ್ಲ, ತಿದ್ದಿದೆ ಕೂಡ. 'ತಡವಾಗಿ ಬಂದಳು' ಅನ್ನುವುದನ್ನು 'ಮಗುವಿನ ಅನಾರೋಗ್ಯವನ್ನು ಲೆಕ್ಕಿಸದೆ ತಡರಾತ್ರಿ ಮನೆಗೆ ಮರಳುತ್ತಿದ್ದಳು' ಅಂತ ಮಾಡಿದೆ. ಅವತ್ತು ಒಂದು ದಿನ ನಡೆದದ್ದು ನನ್ನ ವಾಕ್ಯದಲ್ಲಿ ದಿನಾ ನಡೆದಂತಾಯಿತು. ಒಂದು ಕ್ರಿಯಾಪದದ ಕೊನೆ ಬದಲಾಯಿಸಿದ್ದೆ, ಅಷ್ಟೇ. ವ್ಯಾಕರಣದಲ್ಲಿ ಇಷ್ಟು ಸುಲಭಕ್ಕೆ ಸುಳ್ಳು ಹೇಳಬಹುದು ಅಂತ ಗೊತ್ತಿರಲಿಲ್ಲ. ಇಲ್ಲ, ಗೊತ್ತಿತ್ತು. ಆಗ ಚೆನ್ನಾಗಿ ಬರೆಯುತ್ತಿದ್ದೇನೆ ಅನ್ನುವ ಖುಷಿಯಲ್ಲಿದ್ದೆ.

ಮೂರನೆಯ ಸಂಜೆ, ಎಲ್ಲ ಮುಗಿದ ಮೇಲೆ ದೊಡ್ಡಮ್ಮ ಅಂದಳು, "ಇನ್ನೊಂದು ಹಾಕು. ಅವಳ ಉಗುರು ನಾನೇ ಕತ್ತರಿಸೋದು. ಬೇರೆ ಯಾರು ಮುಟ್ಟಿದರೂ ಕೈ ಎಳ್ಕೊಂಡು ಓಡ್ತಾಳೆ. ನಾನಾದರೆ ತೊಡೆ ಮೇಲೆ ಕೂತು ಒಂದೊಂದೇ ಬೆರಳು ಮುಂದೆ ಮಾಡ್ತಾಳೆ. ಹೆಬ್ಬೆರಳು ಮಾತ್ರ ಕೊನೆಗೆ. ಹೆಬ್ಬೆರಳಿಗೆ ಹೆದರಿಕೆ ಅವಳಿಗೆ." ನಾನು ಅದನ್ನೂ ಸೇರಿಸಿದೆ. ವಕೀಲರು ಕರಡು ತಿದ್ದಿ ಕಳಿಸಿದಾಗ ಆ ಸಾಲಿನ ಮೇಲೆ ಅಡ್ಡಗೀಟು ಬಿದ್ದಿತ್ತು. ದೂರಿನ ಮೂರು ಪುಟ ಹಾಗೇ ಉಳಿದಿದ್ದವು. ಮಗುವಿನ ಬಗ್ಗೆ ಇದ್ದದ್ದು ಕೊನೆಯಲ್ಲಿ ಅರ್ಧ ಸಾಲು: 'ಅರ್ಜಿದಾರಳು ಸದರಿ ಮಗುವಿನ ಮೇಲೆ ಅಪಾರ ಪ್ರೀತಿ ಹೊಂದಿರುತ್ತಾಳೆ.'

ಸದರಿ ಮಗು. ನಾನು ಅದನ್ನು ಓದಿ ನಕ್ಕಿದ್ದೆ. ದೊಡ್ಡಮ್ಮ ಸಹಿ ಹಾಕಿದಳು.

ಹಕ್ಕು ಯಾರದು?

ಅರ್ಜಿ ಒಳಗೆ ಹೋದ ಮೇಲೆ ಕಾಯುವುದೊಂದೇ ಕೆಲಸ. ಡೇಟ್ ಮೇಲೆ ಡೇಟ್. ಆ ಸಮಯದಲ್ಲಿ ನಾನು ರಾತ್ರಿಗಳಲ್ಲಿ ಓದತೊಡಗಿದೆ. ಬೇರೆ ಬೇರೆ ಕಡೆ ಅಜ್ಜ-ಅಜ್ಜಿಯರಿಗೆ ಕೋರ್ಟಿನಲ್ಲಿ ಏನು ಸ್ಥಾನ ಇದೆ ಅಂತ. ನಾನು ವಕೀಲಳಲ್ಲ. ದೊಡ್ಡಮ್ಮನ "ನನಗೂ ಹಕ್ಕಿದೆ ಅಲ್ವಾ" ಅನ್ನುವ ಪ್ರಶ್ನೆಗೆ ಉತ್ತರ ಬೇಕಿತ್ತು.

ಮೊದಲು ಸಿಕ್ಕಿದ್ದು ಅಮೆರಿಕದ ಟ್ರಾಕ್ಸೆಲ್ ಕೇಸು. ಈ ವಿಷಯ ಮುಟ್ಟಿದವರೆಲ್ಲ ಮೊದಲು ಎಡವುವುದು ಅದಕ್ಕೇ. ವಾಷಿಂಗ್ಟನ್ ರಾಜ್ಯದಲ್ಲಿ ಇಬ್ಬರು ಹೆಣ್ಣುಮಕ್ಕಳ ತಂದೆ 1993ರಲ್ಲಿ ತೀರಿಕೊಂಡ. ಅವನು ಇದ್ದಾಗ ವಾರದ ಕೊನೆಗೆ ಮಕ್ಕಳನ್ನು ತನ್ನ ಅಪ್ಪ-ಅಮ್ಮನ ಮನೆಗೆ ಕರೆದುಕೊಂಡು ಬರುತ್ತಿದ್ದ. ಅವನು ಹೋದ ಕೆಲವು ತಿಂಗಳಿಗೆ ಮಕ್ಕಳ ತಾಯಿ, ಇನ್ನು ತಿಂಗಳಿಗೆ ಒಂದು ಸಲ ಮಾತ್ರ, ಸ್ವಲ್ಪ ಹೊತ್ತು ಅಂದಳು. ಅಜ್ಜ-ಅಜ್ಜಿ ಅದೇ ಡಿಸೆಂಬರ್‌ನಲ್ಲಿ ಕೋರ್ಟಿಗೆ ಹೋದರು. ಅವರು ಕೇಳಿದ್ದು ತಿಂಗಳಿಗೆ ಎರಡು ವಾರಾಂತ್ಯ, ಬೇಸಿಗೆಯಲ್ಲಿ ಎರಡು ವಾರ. ತಾಯಿ ಕೊಡುತ್ತೇನೆ ಅಂದದ್ದು ತಿಂಗಳಿಗೆ ಒಂದು ದಿನ, ರಾತ್ರಿ ಉಳಿಯುವ ಹಾಗಿಲ್ಲ. ಕೆಳಗಿನ ಕೋರ್ಟು ಮಧ್ಯದಲ್ಲೆಲ್ಲೋ ಗೆರೆ ಎಳೆಯಿತು: ತಿಂಗಳಿಗೆ ಒಂದು ವಾರಾಂತ್ಯ, ಬೇಸಿಗೆಯಲ್ಲಿ ಒಂದು ವಾರ, ಅಜ್ಜ-ಅಜ್ಜಿ ಇಬ್ಬರ ಹುಟ್ಟುಹಬ್ಬದ ದಿನವೂ ನಾಲ್ಕು ನಾಲ್ಕು ಗಂಟೆ.

ಆ ನಾಲ್ಕು ಗಂಟೆಯ ಹತ್ತಿರ ನಾನು ನಿಂತುಬಿಟ್ಟೆ. ಯಾರೋ ಒಬ್ಬ ಜಡ್ಜ್ ಕೂತು, ಅಜ್ಜಿಯ ಹುಟ್ಟುಹಬ್ಬಕ್ಕೆ ಮೊಮ್ಮಕ್ಕಳು ಎಷ್ಟು ಗಂಟೆ ಬರಬೇಕು ಅಂತ ಲೆಕ್ಕ ಹಾಕಿದ್ದಾರೆ. ಮೂರು ಸಾಕಾ, ಐದು ಜಾಸ್ತಿಯಾ ಅಂತ ಯೋಚಿಸಿರಬೇಕು. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ. ಆದರೂ ಒಂದು ಮನೆಯೊಳಗೆ ಕೋರ್ಟು ಎಷ್ಟು ದೂರ ನಡೆದುಬರಬಹುದು ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಗುರುತು ನನಗೆ ಸಿಕ್ಕಿಲ್ಲ. ಕೇಸು ಮೇಲೆ ಮೇಲೆ ಹೋಗಿ 2000ದ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ತಾಯಿ ಗೆದ್ದಳು. ಆ ರಾಜ್ಯದ ಕಾನೂನು 'ಯಾರು ಬೇಕಾದರೂ, ಯಾವಾಗ ಬೇಕಾದರೂ' ಮಗುವಿನ ಭೇಟಿ ಕೇಳಬಹುದು ಅಂತಿತ್ತು. ಅದು ತೀರಾ ಸಡಿಲವಾಯಿತು ಅಂದಿತು ಕೋರ್ಟು. ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿರುವ ತಾಯಿ ತೆಗೆದುಕೊಂಡ ತೀರ್ಮಾನಕ್ಕೆ ಬೆಲೆ ಕೊಡಬೇಕು, ಜಡ್ಜ್ ತನಗೆ ಇನ್ನೂ ಒಳ್ಳೆಯದು ಅನ್ನಿಸಿದ್ದನ್ನು ಅವಳ ಮೇಲೆ ಹೇರುವ ಹಾಗಿಲ್ಲ ಅಂತ.

ಕೇಸಿಗೆ ಹಿಡಿದದ್ದು ಆರೂವರೆ ವರ್ಷ. ಶುರುವಾದಾಗ ಇಬ್ಬರೂ ಪುಟ್ಟ ಹುಡುಗಿಯರು. ನಡುವೆ ತಾಯಿ ಬೇರೊಬ್ಬನನ್ನು ಮದುವೆಯಾದಳು, ಅವನು ಮಕ್ಕಳಿಬ್ಬರನ್ನೂ ದತ್ತು ತೆಗೆದುಕೊಂಡ. ತಿಂಗಳಿಗೆ ಒಂದು ದಿನವೋ ಎರಡು ವಾರಾಂತ್ಯವೋ ಅನ್ನುವ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಮಕ್ಕಳೇ ಬೆಳೆದಿದ್ದರು. ದೊಡ್ಡವರಿಗೆ ಒಂದು ಡೇಟ್ ಮುಂದೆ ಹೋದರೆ ಎರಡು ತಿಂಗಳು. ಐದು ವರ್ಷದ ಮಗುವಿಗೆ ಅದು ಒಂದು ಹಲ್ಲು ಬಿದ್ದು ಇನ್ನೊಂದು ಬರುವಷ್ಟು ಕಾಲ.

ಬೇರೆ ಕಡೆ ಬೇರೆ ದಾರಿ. ಆಸ್ಟ್ರೇಲಿಯಾದ 1975ರ ಕುಟುಂಬ ಕಾಯ್ದೆಯಲ್ಲಿ ಯಾರ್ಯಾರು ಅರ್ಜಿ ಹಾಕಬಹುದು ಅನ್ನುವ ಪಟ್ಟಿಯಲ್ಲೇ ಅಜ್ಜ-ಅಜ್ಜಿಯರ ಹೆಸರಿದೆ. ಅಪ್ಪ-ಅಮ್ಮ, ಸ್ವತಃ ಮಗು, ಆಮೇಲೆ ಇವರು. ಅರ್ಜಿ ಹಾಕಬಹುದು ಅಂದ ಮಾತ್ರಕ್ಕೆ ಸಿಕ್ಕೇಬಿಡುತ್ತೆ ಅಂತಲ್ಲ. ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಅರ್ಜಿ ಹಾಕಲು ಮೊದಲು ಅನುಮತಿ ಕೇಳಬೇಕು. ಆಗ ಜಡ್ಜ್ ಮೂರ್ನಾಲ್ಕು ವಿಷಯ ನೋಡುತ್ತಾರೆ. ಏನು ಕೇಳುತ್ತಿದ್ದೀರಿ, ಮಗುವಿಗೂ ನಿಮಗೂ ಎಷ್ಟು ಒಡನಾಟ ಇತ್ತು, ಮತ್ತೆ ಈ ಅರ್ಜಿಯಿಂದಲೇ ಮಗುವಿನ ಬದುಕು ಕದಡಿ ಅದಕ್ಕೆ ಪೆಟ್ಟಾಗುತ್ತದೆಯೇ ಅಂತ. ಕೊನೆಯದನ್ನು ಓದಿದಾಗ ನನ್ನ ಮೂರು ಪುಟ ನೆನಪಾದವು. ಅರ್ಜಿಯೇ ಪೆಟ್ಟಾಗಬಹುದು ಅನ್ನುವುದನ್ನು ಒಂದು ದೇಶ ಕಾನೂನಿನಲ್ಲೇ ಬರೆದಿಟ್ಟಿದೆ. ನಾನು ಟೈಪ್ ಮಾಡುವಾಗ ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಫ್ರಾನ್ಸಿನವರು ಇಡೀ ವಾಕ್ಯವನ್ನೇ ತಿರುಗಿಸಿ ಬರೆದಿದ್ದಾರೆ. ಅಲ್ಲಿನ ಸಿವಿಲ್ ಸಂಹಿತೆಯಲ್ಲಿ ಹಕ್ಕು ಅಜ್ಜಿಯದಲ್ಲ, ಮಗುವಿನದು. ತನ್ನ ಹಿರಿಯರ ಜೊತೆ ಒಡನಾಟ ಇಟ್ಟುಕೊಳ್ಳುವ ಹಕ್ಕು ಮಗುವಿಗಿದೆ, ಮಗುವಿನ ಹಿತಕ್ಕೆ ವಿರುದ್ಧವಾದರೆ ಮಾತ್ರ ಅದನ್ನು ತಡೆಯಬಹುದು. ಜರ್ಮನಿಯಲ್ಲಿ ಅಜ್ಜ-ಅಜ್ಜಿಗೂ ಹಕ್ಕಿದೆ, ಆದರೆ ಅದು ಮಗುವಿಗೆ ಒಳ್ಳೆಯದು ಮಾಡುವಷ್ಟು ಮಟ್ಟಿಗೆ. ಯುರೋಪಿನ ಮಾನವ ಹಕ್ಕುಗಳ ಕೋರ್ಟು 1979ರಷ್ಟು ಹಿಂದೆಯೇ 'ಕುಟುಂಬ ಜೀವನ' ಅಂದರೆ ಅದರಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳ ನಂಟೂ ಸೇರುತ್ತದೆ ಅಂತ ಹೇಳಿತ್ತು.

ಭಾರತದಲ್ಲಿ ಇನ್ನೂ ಹಿಡಿದುಕೊಂಡಿರುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದರಲ್ಲಿ ಮಗುವಿನ 'ಯಾವುದೇ ಸಂಬಂಧಿಕರು ಅಥವಾ ಸ್ನೇಹಿತರು' ಅರ್ಜಿ ಹಾಕಬಹುದು ಅಂತಿದೆ. ಬಾಗಿಲು ಅಗಲವಾಗೇ ಇದೆ. ಆದರೆ ಅದು ಪಾಲಕರು ಯಾರು ಅಂತ ತೀರ್ಮಾನಿಸುವ ಬಾಗಿಲು. ಅಜ್ಜಿ ತಿಂಗಳಿಗೊಮ್ಮೆ ಬಂದು ಉಗುರು ಕತ್ತರಿಸಿ ಹೋಗಬಹುದಾ ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಕಾನೂನು ಆಯೋಗ 2015ರಲ್ಲಿ ಕೊಟ್ಟ 257ನೇ ವರದಿಯಲ್ಲಿ ಅಜ್ಜ-ಅಜ್ಜಿಯರ ಸಮಯ ಅನ್ನುವುದನ್ನೂ ಪ್ರಸ್ತಾಪಿಸಿತ್ತು. ವರದಿ ಬಂತು, ಕಾಯ್ದೆ ಬದಲಾಗಲಿಲ್ಲ. ಕೇಸುಗಳಲ್ಲಿ ಕೋರ್ಟುಗಳು ಮಗುವಿನ ಹಿತ ನೋಡಿ ತೂಗುತ್ತವೆ. 2022ರಲ್ಲಿ ಸುಪ್ರೀಂ ಕೋರ್ಟು ಕೋವಿಡ್‌ನಲ್ಲಿ ಅಪ್ಪ-ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗನನ್ನು ತಂದೆಯ ಅಪ್ಪ-ಅಮ್ಮನಿಗೆ ಒಪ್ಪಿಸಿತು. ಚಿಕ್ಕ ವಯಸ್ಸು, ಜಾಸ್ತಿ ಆದಾಯ, ದೊಡ್ಡ ಕುಟುಂಬ ಇವಷ್ಟನ್ನೇ ನೋಡಿ ತಾಯಿಯ ಸೋದರಿಗೆ ಕೊಡುವುದು ಸರಿಯಲ್ಲ ಅಂದಿತು. 2025ರಲ್ಲಿ ಅದೇ ಕೋರ್ಟು, ತಾಯಿ ತೀರಿಕೊಂಡ ಮಗುವನ್ನು ಸಾಕುತ್ತಿದ್ದ ಅಜ್ಜ-ಅಜ್ಜಿಯಿಂದ ತಂದೆಗೆ ಕೊಡಿಸಿತು. ಅವರ ಹಕ್ಕು ತಂದೆಗಿಂತ ಮೇಲಾಗಲಾರದು ಅಂತ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ವಿರುದ್ಧ ಅನ್ನಿಸುತ್ತೆ. ಅಲ್ಲ. ಮೊದಲನೆಯದರಲ್ಲಿ ಎದುರಿಗೆ ಅಪ್ಪನೂ ಇರಲಿಲ್ಲ, ಅಮ್ಮನೂ ಇರಲಿಲ್ಲ.

ಇಷ್ಟೆಲ್ಲ ಓದಿ ದೊಡ್ಡಮ್ಮನಿಗೆ ಏನು ಹೇಳೋದು? "ನಿನ್ನ ಹಕ್ಕು ಅಂತ ಕೇಳಬೇಡ, ಅವಳಿಗೆ ನೀನು ಬೇಕಾ ಅಂತ ಕೇಳು" ಅಂದೆ. ದೊಡ್ಡಮ್ಮ ನನ್ನನ್ನೇ ದಿಟ್ಟಿಸಿ ನೋಡಿದಳು. "ಅದನ್ನ ಆ ಮೂರು ಪುಟ ಬರೆಯೋ ಮುಂಚೆ ಹೇಳಬಾರದಿತ್ತೇನೇ?"

ಬಾಗಿಲು ಮುಚ್ಚಿದವರ ಕಡೆಯಿಂದ

ನನ್ನ ಗೆಳತಿಯೊಬ್ಬಳಿದ್ದಾಳೆ. ಅವಳೂ ಇಂಥದ್ದೇ ಒಂದು ಕೇಸು ದಾಟಿ ಬಂದವಳು, ಅತ್ತಿಗೆಯ ಕಡೆಯಿಂದ ಅನ್ನಿ. ಅವಳ ಮಗ ಪ್ರತಿ ಭಾನುವಾರ ಅಪ್ಪನ ಮನೆಗೆ ಹೋಗಿ ಬರುತ್ತಿದ್ದ. ವಾಪಸ್ ಬಂದವನು ಶೂ ಬಿಚ್ಚದೆ ಬಾಗಿಲಲ್ಲೇ ನಿಂತು ಒಂದೊಂದೇ ಪ್ರಶ್ನೆ ಕೇಳುತ್ತಿದ್ದನಂತೆ. "ಅಮ್ಮ, ನೀನು ಯಾರ ಜೊತೆ ಫೋನಲ್ಲಿ ಮಾತಾಡ್ತೀಯ? ಅಜ್ಜಿ ಕೇಳಿದ್ರು." "ಅಮ್ಮ, ನಾವು ಈ ಮನೆ ಬಿಟ್ಟು ಹೋಗ್ತೀವಾ? ತಾತ ಹೇಳಿದ್ರು." ಏಳು ವರ್ಷದ ಹುಡುಗ. ಭಾನುವಾರ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದ. ಅವಳು ಭೇಟಿ ಕಡಿಮೆ ಮಾಡಿಸಿಕೊಂಡಾಗ ಅವಳ ಮಾವ ಎಲ್ಲರ ಹತ್ತಿರ "ಮೊಮ್ಮಗನ್ನ ಕಿತ್ಕೊಂಡಳು" ಅಂತ ಹೇಳಿಕೊಂಡು ತಿರುಗಿದರು. ಅವರು ಅಳುತ್ತಿದ್ದದ್ದೂ ಸುಳ್ಳಲ್ಲ. ಮಗುವಿನ ಕಿವಿಗೆ ಅವರು ಹಾಕುತ್ತಿದ್ದದ್ದು ಅವರಿಗೆ ಕಾಣುತ್ತಲೇ ಇರಲಿಲ್ಲ.

ಈ ವಿಷಯದಲ್ಲಿ ಅಜ್ಜ-ಅಜ್ಜಿ ಅಂದ ಕೂಡಲೇ ಎಲ್ಲರೂ ಕರಗುತ್ತೇವೆ. ಬೆಂಚಿನ ಮೇಲೆ ಕೂತ ಮುದುಕಿಯ ಚಿತ್ರಕ್ಕೆ ಅಷ್ಟು ಶಕ್ತಿ ಇದೆ. (ನಾನೂ ಅಲ್ಲಿಂದಲೇ ಶುರುಮಾಡಿದೆ, ಗಮನಿಸಿರಬಹುದು.) ಆದರೆ ಸಂಸಾರ ಮುರಿಯುವ ಜಗಳದಲ್ಲಿ ಎಷ್ಟೋ ಸಲ ಅವರೂ ಒಂದು ಕಡೆಯವರಾಗಿರುತ್ತಾರೆ. ಆಮೇಲೆ ಮಗುವಿನ ವಿಷಯ ಬಂದಾಗ ಮಾತ್ರ ಯಾವ ಕಡೆಯೂ ಅಲ್ಲದ ಬರೀ ಅಜ್ಜ-ಅಜ್ಜಿಯಾಗಿಬಿಡುವುದು ಕಷ್ಟ. ಎದುರಿನವಳಿಗೆ ಅದು ನಂಬೋಕೆ ಆಗಲ್ಲ. ಯಾಕೆ ನಂಬಬೇಕು?

ಜೊತೆಗೆ ಲೆಕ್ಕವೂ ಇದೆ. ಮಗುವಿನ ವಾರಕ್ಕೂ ಏಳೇ ದಿನ. ಸ್ಕೂಲು, ಹೋಂವರ್ಕು, ಅಮ್ಮನ ಪಾಲು, ಅಪ್ಪನ ಪಾಲು. ಅದರಲ್ಲಿ ತಾಯಿಯ ಕಡೆ ಇಬ್ಬರು, ತಂದೆಯ ಕಡೆ ಇಬ್ಬರು ತಮಗೂ ಒಂದು ಪಾಲು ಬೇಕು ಅಂದರೆ ಮಗು ಯಾವಾಗ ಸುಮ್ನೆ ಬಿದ್ದುಕೊಂಡು ಗೋಡೆ ನೋಡಬೇಕು? ಅದಕ್ಕೇ ಅನುಭವ ಇರುವ ವಕೀಲರು, ಕೌನ್ಸೆಲರ್‌ಗಳು ಹೇಳುವುದು ಒಂದೇ: ನಿಮ್ಮ ಮಗನಿಗೋ ಮಗಳಿಗೋ ಸಿಗುವ ಹೊತ್ತಿನಲ್ಲೇ ನೀವೂ ಮೊಮ್ಮಗುವನ್ನು ನೋಡಿ. ಆರ್ಡರಿನಲ್ಲಿ 'ತಂದೆ ಮತ್ತು ಅಜ್ಜ-ಅಜ್ಜಿ' ಅಂತ ಎರಡು ಪದ ಸೇರಿಸಿಕೊಳ್ಳಿ. ಹೊಸ ಕೇಸು ಬೇಕಿಲ್ಲ.

ಎರಡೇ ಪದ. ನಮ್ಮ ಕೇಸಿನಲ್ಲಿ ಅವು ಯಾಕೆ ಇರಲಿಲ್ಲ? ಇದನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ. ಅತ್ತಿಗೆಯೇ ಬೇಡ ಅಂದಿರುತ್ತಾಳೆ ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೆವು.

ಹಗ್ಗ ಯಾರ ಕೈಯಲ್ಲಿತ್ತು

ಅರ್ಜಿ ಮಧ್ಯಸ್ಥಿಕೆಗೆ ಹೋಯಿತು. ಒಂದು ಚಿಕ್ಕ ಕೋಣೆ, ಮೀಡಿಯೇಟರ್ ಒಬ್ಬರು, ದೊಡ್ಡಮ್ಮ, ಅತ್ತಿಗೆ, ಅಣ್ಣ. ನಾನು ಹೊರಗೆ. ಒಳಗೆ ನಡೆದದ್ದು ದೊಡ್ಡಮ್ಮ ಆಮೇಲೆ ಹೇಳಿದ್ದು, ಅದೂ ಒಂದೇ ಸಲಕ್ಕಲ್ಲ. ವಾರಗಟ್ಟಲೆ ತುಣುಕು ತುಣುಕಾಗಿ.

ಅತ್ತಿಗೆ ಅಫಿಡವಿಟ್ ಕಾಪಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳಂತೆ. ಕೂತ ಕೂಡಲೇ ಅದರ ಬಗ್ಗೆ ಮಾತೆತ್ತಲಿಲ್ಲ. ಮೀಡಿಯೇಟರ್ "ಅಜ್ಜಿ ಮಗುವನ್ನ ನೋಡೋದಕ್ಕೆ ನಿಮ್ಮದೇನು ತಕರಾರು?" ಅಂತ ಕೇಳಿದಾಗ ಅವಳು ದೊಡ್ಡಮ್ಮನ ಕಡೆಯೇ ತಿರುಗಿ ಹೇಳಿದಳಂತೆ: "ಅತ್ತೆ, ನೀವು ಬರಬೇಡಿ ಅಂತ ನಾನು ಯಾವತ್ತಾದರೂ ಹೇಳಿದ್ದೀನಾ? ಭೇಟಿಯ ಮೆಮೊ ಬರೆಯೋವಾಗ ನಿಮ್ಮ ಹೆಸರು ಹಾಕಿಸಲಿಲ್ಲ ಯಾಕೆ ಅಂತ ಇವರನ್ನೇ ಕೇಳಿ."

ಅಣ್ಣ ಸುಮ್ಮನಿದ್ದ. ಆಮೇಲೆ ಮೇಜು ನೋಡಿಕೊಂಡು ಅಂದನಂತೆ, "ನನಗೆ ಸಿಗೋದೇ ಎರಡು ಗಂಟೆ ಅಮ್ಮ. ನೀನು ಬಂದರೆ ಅವಳು ನಿನ್ನ ಹತ್ತಿರಾನೇ ಇರ್ತಾಳೆ."

ಇದನ್ನು ಕೇಳಿದ ದಿನ ನನಗೆ ಅಣ್ಣನ ಮೇಲೆ ಸಿಟ್ಟು ಬಂತು. ಆಮೇಲೆ ಆ ಕೋಣೆಯಲ್ಲಿ ಅವನು ಕೂತಿರುವುದನ್ನು ಕಲ್ಪಿಸಿಕೊಂಡೆ. ಮುರಿದ ಲಾರಿ ಹಿಡಿದುಕೊಂಡು, ಮಗಳನ್ನು ನಗಿಸಲು ನೋಡುತ್ತಾ, ಗಡಿಯಾರ ನೋಡುತ್ತಾ. ನಾಲ್ಕೂವರೆ ವರ್ಷ ಅಮ್ಮನೇ ಮಗುವನ್ನು ನೋಡಿಕೊಂಡದ್ದರಿಂದ ಅವನಿಗೆ ಮಗಳ ಜೊತೆ ಎರಡು ಗಂಟೆ ಏನು ಮಾಡಬೇಕು ಅಂತಲೇ ಗೊತ್ತಿರಲಿಲ್ಲ. ಅಮ್ಮ ಬಂದರೆ ಅದು ಅಲ್ಲೇ ಬಯಲಾಗುತ್ತಿತ್ತು. ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಮೊದಲಿನ ಹಾಗೆ ಉಳಿಯಲೂ ಇಲ್ಲ.

ಅಜ್ಜಿ ಮತ್ತು ಮೊಮ್ಮಗಳ ನಡುವಿನ ಹಗ್ಗ ನೇರವಾಗಿ ಕಟ್ಟಿದ್ದಲ್ಲ. ಅದು ಮಗನ ಕೈಯಿಂದಲೋ ಮಗಳ ಕೈಯಿಂದಲೋ ಹಾದುಬರುತ್ತದೆ. ಅವರು ಹಗ್ಗ ಬಿಟ್ಟರೆ ನಮಗೆ ಕಾಣುವುದಿಲ್ಲ, ಏಕೆಂದರೆ ಅವರು ನಮ್ಮವರು. ಕೈ ಬರಿದಾದದ್ದು ಮಾತ್ರ ಗೊತ್ತಾಗುತ್ತದೆ. ಆಗ ಎದುರಿಗೆ ನಿಂತವಳೇ ಕಿತ್ತುಕೊಂಡಳು ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ನಿಜವಾಗಿಯೂ ಅವಳೇ ಕಿತ್ತುಕೊಂಡಿರಬಹುದು, ಟ್ರಾಕ್ಸೆಲ್ ಅಜ್ಜ-ಅಜ್ಜಿಗೆ ಹಗ್ಗದ ಆ ತುದಿಯಲ್ಲಿ ಮಗನೇ ಉಳಿದಿರಲಿಲ್ಲ. ನಮ್ಮ ಮನೆಯಲ್ಲಿ ಹಾಗಾಗಿರಲಿಲ್ಲ. ಆದರೆ ಮೂರು ಪುಟ ಮಾತ್ರ ಅವಳ ಮೇಲೇ ಬರೆದಿದ್ದೆವು. ನಾನು ಬರೆದಿದ್ದೆ.

ಮೀಡಿಯೇಟರ್ ಕೊನೆಗೆ ದೊಡ್ಡಮ್ಮನನ್ನು ಕೇಳಿದರಂತೆ, "ಬಿಟ್ಟರೆ ಏನು ಮಾಡ್ತೀರಮ್ಮ, ಮಗು ಜೊತೆ?" ದೊಡ್ಡಮ್ಮ ಉತ್ತರ ಯೋಚಿಸಿಕೊಂಡು ಹೋಗಿರಲಿಲ್ಲ. "ಉಗುರು ಕತ್ತರಿಸ್ತೀನಿ" ಅಂದಳಂತೆ. ಅತ್ತಿಗೆ ಕಿಟಕಿ ಕಡೆ ಮುಖ ತಿರುಗಿಸಿಕೊಂಡಳಂತೆ. ನಕ್ಕಳೋ ಅತ್ತಳೋ ದೊಡ್ಡಮ್ಮನಿಗೆ ತಿಳಿಯಲಿಲ್ಲ.

ಒಪ್ಪಂದ ಆಯಿತು. ಅಣ್ಣನ ಎರಡು ಗಂಟೆಯಲ್ಲಿ ಕೊನೆಯ ಅರ್ಧ ಗಂಟೆ ದೊಡ್ಡಮ್ಮನೂ ಇರಬಹುದು. ದೊಡ್ಡಮ್ಮ ತನ್ನ ಅರ್ಜಿ ವಾಪಸ್ ತೆಗೆದುಕೊಂಡಳು. ಅರ್ಜಿ ವಾಪಸ್ ಬಂದರೂ ಪುಟಗಳು ಫೈಲಿನಲ್ಲೇ ಇರುತ್ತವೆ. ಹೊರಗೆ ಕಾರಿಡಾರಿನಲ್ಲಿ ನಾನು ಅತ್ತಿಗೆಗೆ ಎದುರಾದೆ. "ಅದನ್ನ ಟೈಪ್ ಮಾಡಿದ್ದು ನಾನು" ಅಂದೆ. "ಗೊತ್ತಾಯ್ತು" ಅಂದಳು. "ನಿನ್ನ ಕನ್ನಡ ಗೊತ್ತಾಗುತ್ತೆ ನನಗೆ." ಅಷ್ಟೇ ಹೇಳಿ ಹೊರಟಳು. ನನ್ನ ಬರಹಕ್ಕೆ ಇದುವರೆಗೆ ಬಂದ ವಿಮರ್ಶೆಗಳಲ್ಲಿ ಅದನ್ನು ಮಾತ್ರ ನಾನು ಮರೆತಿಲ್ಲ.

ಉಗುರು

ಮೊದಲ ಅರ್ಧ ಗಂಟೆಯ ದಿನ ದೊಡ್ಡಮ್ಮ ಮತ್ತೆ ಅದೇ ನೇಲ್ ಕಟರ್ ಇಟ್ಟುಕೊಂಡು ಬಂದಿದ್ದಳು. ಬಾಗಿಲಲ್ಲಿ ಮತ್ತೆ ಟ್ರೇ, ಮತ್ತೆ ಟೋಕನ್. ಈ ಸಲ 17. "ಗೊತ್ತಿದ್ದೂ ಯಾಕೆ ತಂದೆ?" ಅಂದೆ. "ಇರಲಿ ಅಂತ" ಅಂದಳು.

ನಾನು ಬೆಂಚಿನ ಮೇಲೆ ಕೂತೆ. ಒಂದೂವರೆ ಗಂಟೆ ಅವಳೂ ನನ್ನ ಜೊತೆ ಕೂತಿದ್ದು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮಗುವಿನ ಚಪ್ಪಲಿಯ ಪಕ್ಕದಲ್ಲೇ ಬಿಟ್ಟಳು. ಬಾಗಿಲು ಮುಚ್ಚುವ ಮುಂಚೆ ನನಗೆ ಕಂಡದ್ದು ಇಷ್ಟೇ: ಮಗು ಓಡಿ ಬರಲಿಲ್ಲ. ಅಪ್ಪನ ಮಂಡಿಯ ಹಿಂದೆ ಅರ್ಧ ಅಡಗಿ ನೋಡುತ್ತಿತ್ತು. ಎಂಟು ತಿಂಗಳಾಗಿತ್ತು ನೋಡಿ.

ಹೊರಗೆ ಬಂದ ದೊಡ್ಡಮ್ಮ ಏನೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಗೇಟು ದಾಟಿ ರಸ್ತೆಗೆ ಬಂದು ಬಸ್ಸು ಹತ್ತಿ ಕೂತ ಮೇಲೆ ಅಂದಳು, "ಮೊದಲು ಹತ್ತಿರ ಬರಲಿಲ್ಲ. ಆಮೇಲೆ ಬಂದು ಪಕ್ಕ ಕೂತಳು. ಸುಮ್ನೆ ಕೈ ಹಿಡ್ಕೊಂಡೆ. ಉಗುರು ನೋಡಿದೆ."

"ಬೆಳೆದಿತ್ತಾ?"

"ಇಲ್ಲ ಕಣೇ. ನೀಟಾಗಿ ಕತ್ತರಿಸಿದ್ದಾರೆ. ಹೆಬ್ಬೆರಳೂ."

ಅದನ್ನು ಹೇಳುವಾಗ ಅವಳ ದನಿಯಲ್ಲಿದ್ದದ್ದು ನೆಮ್ಮದಿಯೋ ನೋವೋ ನನಗೆ ಬಿಡಿಸಿ ಹೇಳೋಕೆ ಬರಲ್ಲ. ಎರಡೂ ಇದ್ದವು. ಆ ಕಡೆಯ ಮನೆಯಲ್ಲಿ ಯಾರೋ ಆ ಹೆಬ್ಬೆರಳಿನ ಹೆದರಿಕೆ ತಿಳಿದುಕೊಂಡು, ತಾಳ್ಮೆಯಿಂದ ಕೂರಿಸಿಕೊಂಡು, ಕೊನೆಗೆ ಅದನ್ನೂ ಕತ್ತರಿಸಿದ್ದಾರೆ. ಮೂರು ಪುಟದಲ್ಲಿ ನಾವು ಯಾರನ್ನು ಲೆಕ್ಕಿಸದವಳು ಅಂತ ಬರೆದಿದ್ದೆವೋ ಅವಳೇ.

ನಾಲ್ಕು ಸ್ಟಾಪ್ ದಾಟಿದ ಮೇಲೆ ದೊಡ್ಡಮ್ಮ ಚಿಲ್ಲರೆಗೆ ಅಂತ ಪರ್ಸಿಗೆ ಕೈ ಹಾಕಿದಳು. ಕೈಗೆ ಬಂದದ್ದು 17ರ ಟೋಕನ್. ವಾಪಸ್ ಕೊಟ್ಟು ನೇಲ್ ಕಟರ್ ತೆಗೆದುಕೊಳ್ಳೋದು ಇಬ್ಬರಿಗೂ ಮರೆತುಹೋಗಿತ್ತು.

"ಇಳಿದು ತಿರುಗಿ ಹೋಗೋಣವಾ?" ಅಂದೆ.

ಅವಳು ಟೋಕನನ್ನು ಒಂದು ಸಲ ಹಿಂದೆ ಮುಂದೆ ತಿರುಗಿಸಿ ನೋಡಿ ಪರ್ಸಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು.

"ಬೇಡ ಬಿಡು. ಮುಂದಿನ ಸಲ ತಗೊಂಡರಾಯ್ತು."